ಮೂರನೇ ಸಿಲಿಂಡರಿಗೆ ಕಿವಿಗೊಟ್ಟು

ಸುನ್ನಾಕದ ದೇವಸ್ಥಾನದಲ್ಲಿ ಬೆಳಗಿನ ಗಂಟೆ ನಿಲ್ಲುವುದನ್ನೇ ಮೆಕ್ಯಾನಿಕ್ ಚೆಲ್ಲತ್ತುರೈ ಕಾಯುತ್ತಾರೆ. ಭಕ್ತಿಯೂ ಹೌದು, ಗಂಟೆಯ ನಡುವೆ ಎಂಜಿನ್ ಕೇಳಿಸದು ಎಂಬುದೂ ಹೌದು. ಸದ್ದಡಗಿದ ಮೇಲೆ ತಾಳೆಮರದ ಕೋಲಿನ ಒಂದು ತುದಿಯನ್ನು ಹಳೆಯ ಹಿಲ್ಮನ್ ಕಾರಿನ ಎಂಜಿನ್ನಿಗೆ ಆನಿಸಿ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೊತ್ತಿ ಕಣ್ಣು ಮುಚ್ಚುತ್ತಾರೆ.

ಕಾರು ಬಾಡಿಗೆ ಓಡಿಸುವ ಯೋಗನಾದನದು. ಹೋದ ತಿಂಗಳು ಮನ್ನಾರಿನಲ್ಲಿ ಕೊಂಡದ್ದು, ನಿಂತಲ್ಲೇ ಟಕಟಕ ಎನ್ನುತ್ತದೆ. ನಾಳೆ ಮದುಮಗಳನ್ನು ಕರೆತರಬೇಕು.

"ಅಣ್ಣೈ, ನಿದ್ದೆ ಬಂತಾ? ದಿಂಬು ತರ್ಲಾ?" ಎಂದು ಕೆಣಕುತ್ತಾನೆ.

"ನೀ ಬಾಯಿ ಮುಚ್ಚಿದ್ರೆ ಒಂದು ಸದ್ದು ಕಮ್ಮಿಯಾಗುತ್ತೆ. ಉಳಿದದ್ದು ನಾನು ನೋಡ್ಕೋತೀನಿ."

ಕಿಡಿ ಹೊತ್ತಿಸುವ ತಂತಿಗಳನ್ನು ಒಂದೊಂದಾಗಿ ಕಿತ್ತು ಸಿಕ್ಕಿಸುತ್ತಾರೆ. ಮೂರನೆಯದನ್ನು ಕಿತ್ತಾಗ ಒಂದಾಗಿದ್ದ ಬಡಿತ ಎರಡಾಗುತ್ತದೆ, ಪದ್ಯ ಓದುವವರು ಯತಿಗೆ ತಡೆದು ಮುಂದುವರಿದ ಹಾಗೆ. ಪಿಸ್ಟನ್ ಪಿನ್ನಿನ ಸುತ್ತಲಿನ ಬಳೆ ಸವೆದಿದೆ. ಅವರು ತಂತಿಯನ್ನು ಕೈಯಲ್ಲಿ ಹಿಡಿದೇ ನಿಂತುಬಿಡುತ್ತಾರೆ.

ವಯಸ್ಸು ಎಪ್ಪತ್ತೊಂದು, ಈ ಕೆಲಸಕ್ಕೆ ಐವತ್ತನಾಲ್ಕು. ಯುದ್ಧದ ದಿನಗಳಲ್ಲಿ ಸುನ್ನಾಕವಿರುವ ಈ ಯಾಳ್ಪಾಣ ಸೀಮೆಗೆ ಪೆಟ್ರೋಲೂ ಬರುತ್ತಿರಲಿಲ್ಲ, ಬಿಡಿಭಾಗವೂ ಬರುತ್ತಿರಲಿಲ್ಲ. ಗುಟುಕು ಪೆಟ್ರೋಲು ಕುಡಿಸಿ ಎಬ್ಬಿಸಿದರೆ ಕಾರುಗಳು ಆಮೇಲೆ ಸೀಮೆಎಣ್ಣೆಯಲ್ಲೇ ಕೆಮ್ಮುತ್ತಾ ಓಡುತ್ತಿದ್ದವು. ಆಗ ದಿನಕ್ಕೆ ಹನ್ನೊಂದು ಕಾರು, ಈಗ ವಾರಕ್ಕೆ ಎರಡು.

"ಊರಿಗೂರೇ ಬಡ್ಕೊಳ್ತಿತ್ತು. ಸದ್ದು ಕೇಳಿ ಯಾರ ಕಾರು ಅಂತ ಬಾವಿಕಟ್ಟೆಲಿ ನಿಂತೇ ಹೇಳ್ತಿದ್ದೆ."

ತಮ್ಮ ನವರತ್ನಂ ಓಡಿಸುತ್ತಿದ್ದದ್ದೂ ಹಿಲ್ಮನ್ನೇ. ಅದರ ಮೂರನೇ ಸಿಲಿಂಡರಿನ ಬಳೆ ಸವೆದಾಗ ಕಂಚು ಎಲ್ಲೂ ಸಿಗಲಿಲ್ಲ. ಚೆಲ್ಲತ್ತುರೈ ಅಮ್ಮನ ಹಿತ್ತಾಳೆ ದೀಪದ ಕಂಬ ಕತ್ತರಿಸಿ, ಕಡೆದು, ಬಳೆ ಮಾಡಿ ಕೂರಿಸಿದರು. ವಾರದೊಳಗೆ ಅದೂ ಟಕಟಕ ಎಂದಿತು. ಯುದ್ಧಕ್ಕೆ ಹೆದರಿ ಊರಿಗೆ ಊರೇ ಎದ್ದು ಹೊರಟ ದಿನ ತಮ್ಮ ನಡೆಯಲಾರದವರನ್ನು ಕೂರಿಸಿಕೊಂಡು ಸೇತುವೆ ದಾಟಿಸಿದ. ಮೂರು ಸಲ ಹೋಗಿ ಬಂದ. ನಾಲ್ಕನೆಯ ಸಲ ಹೋದವನು ಬರಲಿಲ್ಲ. ಕಾರಿನ ಸುಳಿವೂ ಸಿಗಲಿಲ್ಲ.

"ಹಿತ್ತಾಳೆ ತಡೆಯಲ್ಲ ಅಂತ ಗೊತ್ತಿತ್ತು. ಅವನ ದುಡಿಮೆ ನಿಲ್ಲಬಾರ್ದು ಅಂತ ಹಾಕಿದೆ," ಎನ್ನುತ್ತಾರೆ. ಕೈಯಲ್ಲಿದ್ದ ತಂತಿಯನ್ನು ಮತ್ತೆ ಸಿಕ್ಕಿಸುತ್ತಾರೆ. "ನಡುದಾರೀಲಿ ನಾನು ಮಾಡಿದ್ದೇ ಕೈಕೊಡ್ತೋ ಏನೋ."

ಅಂದಿನಿಂದ ಹಿಲ್ಮನ್ ಬಂದಾಗಲೆಲ್ಲ ಕೋಲು ಮೊದಲು ಹೋಗುವುದು ಮೂರನೇ ಸಿಲಿಂಡರಿಗೆ. ಅಲ್ಲೇ ಬಡಿಯುವ ಕಾರು ಇಷ್ಟು ವರ್ಷಗಳಲ್ಲಿ ಬಂದದ್ದು ಇದೊಂದೇ.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಬಿಚ್ಚಿಯಾಗಿದೆ. ಸವೆದ ಬಳೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪಂಚೆಯ ಅಂಚಿನಲ್ಲಿ ಉಜ್ಜಿ, ಬಿಸಿಲಿಗೆ ಹಿಡಿಯುತ್ತಾರೆ. ಹಿತ್ತಾಳೆಯ ಹಳದಿಯಿಲ್ಲ, ಕೆಂಪಗಿದೆ. ಕಂಚು.

ಯೋಗನಾದನಿಗೆ ಕಥೆ ಗೊತ್ತು. ಅವನು ಈಗ ಕೆಣಕುವುದಿಲ್ಲ, ಚಹಾದ ಲೋಟವನ್ನೂ ತಾಳೆಬೆಲ್ಲದ ಚೂರನ್ನೂ ಅವರ ಕಡೆ ಸರಿಸುತ್ತಾನೆ. ಹೊಸ ಬಳೆ ಕೂರಿಸಿದ ಮೇಲೆ, ಸಂಜೆ, ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಅವನೇ ಮುಟ್ಟಿ ನೋಡಬೇಕಾಗುತ್ತದೆ.

ಮನೆಯಲ್ಲಿ ಹೆಂಡತಿ ಪರಿಮಳಂ ದೀಪ ಹಚ್ಚುತ್ತಾರೆ. ಕಂಬವಿಲ್ಲದ ದೀಪ, ಪಾದದ ಮೇಲೇ ತಟ್ಟೆ ಕೂತಿದೆ. ಹೊಸದು ತರೋಣವೆಂದರೆ ಗಂಡ ಒಪ್ಪುವುದಿಲ್ಲವಂತೆ. ಚೆಲ್ಲತ್ತುರೈ ಕೈಮುಗಿದು ಜಗಲಿಗೆ ಬಂದು ಕೂರುತ್ತಾರೆ.

"ಬಂದ ಕಾರಿನ ಸದ್ದೆಲ್ಲ ಅಡಗಿಸಿದ್ದೀನಿ. ತಮ್ಮನದೊಂದು ಬಂದ್ರೆ ಮಾತ್ರ ಮುಟ್ಟಲ್ಲ. ಬಡ್ಕೊಳ್ತಾ ಇರ್ಲಿ. ಪಕ್ಕ ಕೂತು ಕೇಳ್ತೀನಿ."