ಜುರಾಕಾನ್ ರೊಟ್ಟಿ ಮುಟ್ಟಿ ಹೇಳಿದ ಮಾತು

ಬೆಟ್ಟದ ಹಿಮ ಕರಗಿ ಬರುವ ನೀರನ್ನೇ ನಂಬಿದ ಉಜ್ಗೆನ್ ಕಡೆಯ ಭತ್ತದ ಊರುಗಳಲ್ಲಿ ಕಾಲುವೆಯ ನೀರು ಹಂಚುವವರನ್ನು ಮುರಾಬ್ ಅನ್ನುತ್ತಾರೆ. ಬೈಗುಳ ತಿನ್ನುವ ಕೆಲಸ. ಗಂಡ ಸತ್ತ ಮೇಲೆ ಅದು ಜುರಾಕಾನಳ ತಲೆಗೆ ಬಿತ್ತು.

ಆ ಏಪ್ರಿಲ್‌ನಲ್ಲಿ ನದಿ ಕಾಲಕ್ಕೆ ಮುಂಚೆಯೇ ಉಕ್ಕಿತು. ಊರವರಿಗೆ ಖುಷಿಯೋ ಖುಷಿ. ಭತ್ತದ ಬೀಜ ನೆನೆಹಾಕಲು ಹೊರಟರು. ಜುರಾಕಾನ್ ಮಾತ್ರ ಬೀಜದ ಚೀಲ ಬಿಚ್ಚಲಿಲ್ಲ. ನದಿಯ ಲೆಕ್ಕ ನೋಡುವ ಕಚೇರಿಯ ನುರ್ಜಾದಾ ಅವಳನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದಳು. ಫೋನಿನಲ್ಲಿ ಹೇಳಿದ್ದಳು:

"ಎಜೆ, ಬೆಟ್ಟದ ಮೇಲೆ ಹಿಮಾನೇ ಇಲ್ಲ. ಇದ್ದಷ್ಟೂ ಈಗ್ಲೇ ಕರಗಿ ಬರ್ತಿದೆ. ಜುಲೈಗೆ ನದಿ ಬತ್ತೋ ಸಾಧ್ಯತೆ ಹತ್ತಕ್ಕೆ ಏಳು."

"ಮಿಕ್ಕ ಮೂರು?"

"ಜೂನ್‌ನಲ್ಲಿ ಮಳೆ ಹಿಡಿದ್ರೆ ಬಚಾವ್."

ಚಹಾದಂಗಡಿಯಲ್ಲಿ ಊರು ಸೇರಿತು. ಭತ್ತ ಬೇಡ, ಕಡಿಮೆ ನೀರಲ್ಲೇ ಬರುವ ಹೆಸರುಕಾಳು ಹಾಕಿ ಎಂದಳು ಜುರಾಕಾನ್. ಎಲ್ಲರೂ ನಕ್ಕರು. ಗಂಡನ ಅಣ್ಣ ಮಮಾಸಾಲಿ ಎಲ್ಲರಿಗಿಂತ ಜೋರಾಗಿ ನಕ್ಕ. ಅವನಿಗೆ ಅವಳು ಕೆಲಿನ್, ಮನೆಯ ಸೊಸೆ; ಅವಳಿಗೆ ಅವನು ಅಬಾ, ಹಿರಿಯ.

"ಕಿವಿ ಕೇಳಿಸ್ತದೇನಮ್ಮ ಕೆಲಿನ್? ನದಿ ಅಷ್ಟು ಅರಚ್ತಿದೆ, ನೀನು ನೀರಿಲ್ಲ ಅಂತೀಯಲ್ಲ!"

"ಈಗ ಅರಚ್ತದೆ ಅಬಾ. ತೆನೆ ಹಾಲು ಕಟ್ಟೋ ಹೊತ್ತಿಗೆ ಅದರ ಗಂಟಲೇ ಒಣಗಿರ್ತದೆ."

ಮಮಾಸಾಲಿ ದುಂಡನೆಯ ರೊಟ್ಟಿಯೊಂದನ್ನು ಎತ್ತಿ ಅವಳ ಮುಂದಿಟ್ಟ. "ಹಂಗಾದ್ರೆ ಇದನ್ನ ಮುಟ್ಟಿ ಹೇಳು. ಹೇಳಿದ್ರೆ ನಾನೇ ಮೊದಲು ಹೆಸರು ಬಿತ್ತೀನಿ."

ರೊಟ್ಟಿ ಮುಟ್ಟಿ ಸುಳ್ಳಾಡಿದವರ ಮನೆ ಉಳಿಯುವುದಿಲ್ಲವೆಂದು ಅಲ್ಲಿ ಮಕ್ಕಳಿಗೂ ಗೊತ್ತು. 'ಇರಬಹುದು' ಎನ್ನುವ ಮಾತಿಗೆ ಯಾರೂ ರೊಟ್ಟಿ ಮುಟ್ಟುವುದಿಲ್ಲ. ಹತ್ತಕ್ಕೆ ಏಳು ಎಂದು ನಿಜ ಹೇಳಿದರೆ ಆ ಮೂರನ್ನೇ ನಂಬಿ ಊರೆಲ್ಲ ಭತ್ತ ಹಾಕುತ್ತದೆ. ಜುರಾಕಾನ್ ಅಂಗೈಯನ್ನು ರೊಟ್ಟಿಯ ಮೇಲಿಟ್ಟಳು.

"ಜುಲೈಗೆ ನೀರಿರಲ್ಲ."

ಊರೆಲ್ಲ ಹೆಸರು ಬಿತ್ತಿತು. ಹಾಳು ಜೂನ್, ಇಲ್ಲದ ಮಳೆಯನ್ನೆಲ್ಲ ತಂದು ಸುರಿಯಿತು. ಜುಲೈನಲ್ಲಿ ಕಾಲುವೆ ದಡ ಮುಟ್ಟಿ ಹರಿಯಿತು. ಪಕ್ಕದೂರಿನ ಭತ್ತ ಹಸಿರಾಗಿ ತೂಗುತ್ತಿತ್ತು. ಜುರಾಕಾನ್ ದಿನಾ ಬೆಳಿಗ್ಗೆ ದಡಕ್ಕೆ ಹೋಗಿ ನದಿ ಬತ್ತಲಿ ಎಂದು ಬೇಡಿಕೊಂಡಳು. ನೀರು ಹಂಚುವವಳು ಬೇಡುವ ಮಾತೇ ಇದು ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಊರಲ್ಲಿ ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುವರ್ಷದ ವಸಂತದಲ್ಲಿ ನುರ್ಜಾದಾ ಮತ್ತೆ ಫೋನ್ ಮಾಡಿದಳು. "ಎಜೆ, ಈ ಸಲ ಹತ್ತಕ್ಕೆ ಒಂಬತ್ತು."

ಜುರಾಕಾನ್ ಚಹಾದಂಗಡಿಗೆ ಓಡಿಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಯಾರೂ ನಗಲಿಲ್ಲ, ವಾದಿಸಲಿಲ್ಲ. ಅವಳಿಗೂ ಒಂದು ಬಟ್ಟಲು ಚಹಾ ಕೊಟ್ಟು ಮರ್ಯಾದೆಯಿಂದ ಕೇಳಿಸಿಕೊಂಡರು. ಅವಳಿಗೆ ದಿಗಿಲಾಯಿತು. ತಾನಾಗಿಯೇ ರೊಟ್ಟಿಯ ಕಡೆಗೆ ಕೈ ಚಾಚಿದಳು. ಮಮಾಸಾಲಿ ಅದನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡ.

"ಬೇಡಮ್ಮ," ಎಂದ. "ಚಹಾ ಕುಡಿ, ಆರ್ತದೆ."

ಆ ವಾರವೇ ಊರೆಲ್ಲ ಭತ್ತದ ಬೀಜ ನೆನೆಹಾಕಿತು. ಜುಲೈನಲ್ಲಿ, ತೆನೆ ಹಾಲು ಕಟ್ಟುವ ಮೊದಲೇ, ಕಾಲುವೆಯ ತಳದ ಕಲ್ಲುಗಳು ಒಂದೊಂದಾಗಿ ಕಾಣತೊಡಗಿದವು.