ಗುಂಡುಗಳೇ ದಾರಿ ಬಿಟ್ಟ ಆಟ

ನಮ್ಮ ಭಾವ ಮಾಡಿದ ವಿಡಿಯೋ ಆಟದಲ್ಲಿ ಗುಂಡುಗಳು ಎಷ್ಟು ದಟ್ಟವಾಗಿ ಬರುತ್ತಿದ್ದವೆಂದರೆ, ನಡುವೆ ಒಂದು ಸೊಳ್ಳೆ ನುಸುಳಬೇಕಾದರೂ ತಿಂಗಳುಗಟ್ಟಲೆ ಊಟ ಬಿಟ್ಟು ಬರಬೇಕಿತ್ತು. ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಗಳಿದ್ದ ಕಾಲ ಅದು. ತೆರೆಯ ಕೆಳಗೊಂದು ಪುಟ್ಟ ವಿಮಾನ, ಮೇಲಿನಿಂದ ಶತ್ರುಗಳ ಗುಂಡಿನ ಸುರಿಮಳೆ. ಆಡುವವನಿಗೆ ಮೂರು ಜೀವ. ಮೂರೂ ಮುಗಿಯಲು ಒಂದು ಆಕಳಿಕೆಯ ಹೊತ್ತು ಸಾಕು. ಬೇಗ ಸತ್ತರೆ ತಾನೆ ಇನ್ನೊಂದು ನಾಣ್ಯ ಬೀಳುವುದು! ಓಣಿಯವರು ಭಾವನಿಗೆ 'ಮೂರು ಜೀವ' ಎಂದೇ ಹೆಸರಿಟ್ಟಿದ್ದರು.

ಆ ಪೆಟ್ಟಿಗೆಯನ್ನು ಕೊನೆಯವರೆಗೂ ಆಡಿ ಗೆದ್ದವಳು ನಮ್ಮ ಅಕ್ಕ ಒಬ್ಬಳೇ. ಅವಳು ಬಂದು ನಿಂತರೆ ಪೆಟ್ಟಿಗೆಗೇ ಬೆವರು ಕಿತ್ತುಬರುತ್ತಿತ್ತು. ಯಂತ್ರ ಕೆಟ್ಟಿರಬೇಕೆಂದು ನೋಡಲು ಬಂದ ಭಾವ ಅವಳನ್ನೇ ಮದುವೆಯಾದರು.

ಈಗ ಪೆಟ್ಟಿಗೆಗಳು ಗುಜರಿ ಸೇರಿವೆ. ಭಾವನ ಕಂಪನಿ ಅದೇ ಆಟವನ್ನು ಮನೆಯ ಟಿವಿಗೆ ಜೋಡಿಸುವ ಕನ್ಸೋಲ್‌ಗೆ ತರಲು ಹೊರಟಿತು. ಪರೀಕ್ಷೆಗೆ ಕರೆಸಿದ ಹೊಸ ಆಟಗಾರರು ಸೋಫಾಕ್ಕೆ ಬೆನ್ನು ಆನಿಸುವಷ್ಟರಲ್ಲಿ ಮೂರು ಸಲ ಸತ್ತು, ಕೈಯಲ್ಲಿದ್ದ ಕಂಟ್ರೋಲರ್ ಬಿಸುಟು ಮೊಬೈಲು ಒತ್ತತೊಡಗಿದರು.

"ಇವರು ನಾಣ್ಯ ಹಾಕಲ್ಲ ಸಾರ್, ಸಾಯಿಸಿ ನಮಗೇನಾಗ್ಬೇಕು?" ಎಂದರು ಕಂಪನಿಯ ಮ್ಯಾನೇಜರಮ್ಮ. "ನೋಡೋಕೆ ಅಷ್ಟೇ ಭಯಂಕರವಾಗಿರ್ಲಿ. ಆದ್ರೆ ಬದುಕೋಕೆ ಬಿಡಿ."

ಭಾವ ಉಪಾಯ ಹೂಡಿದರು. ಎರಡು ಜೀವ ಹೋದವೆಂದರೆ ಆಟ ಗುಟ್ಟಾಗಿ ಮೆತ್ತಗಾಗುವುದು. ಗುಂಡುಗಳು ಮೈಮೇಲೆ ಬಂದಂತೆಯೇ ಬಂದು, ಕೂದಲೆಳೆಯಷ್ಟರಲ್ಲಿ ಪಕ್ಕಕ್ಕೆ ಸರಿಯುವವು. ಕರುಣೆಯೆಂದು ಗೊತ್ತಾದರೆ ಆಡುವವರಿಗೆ ಅವಮಾನವಾದೀತೆಂದು ತೆರೆಯ ಮೇಲೆ ಅದರ ಸುಳಿವನ್ನೇ ಕೊಡಲಿಲ್ಲ. ಹೊಸ ಆಟಗಾರರು ಗೆದ್ದು ಕುಣಿದರು.

ಒಂದು ಭಾನುವಾರ ಭಾವ ಆ ಆಟವನ್ನು ಮನೆಗೆ ತಂದರು. ಅಕ್ಕನಿಗೆ ಈಗ ಬೆರಳಿನ ಗಂಟುಗಳಲ್ಲಿ ನೋವು. ಡಬ್ಬಿಯ ಮುಚ್ಚಳ ತೆಗೆಯಲೂ ಮೇಲಿನ ಮಹಡಿಯ ನನ್ನನ್ನು ಕೂಗುತ್ತಾಳೆ. ಆ ಬೆರಳುಗಳನ್ನು ನೆನೆದೇ ಭಾವ ಮೆತ್ತನೆಯ ಗುಟ್ಟನ್ನು ಹಾಗೇ ಬಿಟ್ಟಿದ್ದರು. ಅಕ್ಕ ಎರಡು ಸಲ ಸತ್ತಳು. ಆಮೇಲೆ ಸಾಯುವುದನ್ನೇ ಮರೆತಳು.

"ಲೋ, ಬಂದು ನೋಡೋ! ಕೈ ಏನೂ ಮರ್ತಿಲ್ಲ ಕಣೋ!" ಎಂದು ನನ್ನನ್ನು ಕರೆದಳು. ಪಕ್ಕದ ಮನೆಯ ಟೀಚರಮ್ಮನನ್ನೂ ಕರೆದಳು. ಮೆಟ್ಟಿಲಿಳಿಯುತ್ತಿದ್ದವರೂ ಬಾಗಿಲಲ್ಲಿ ನಿಂತರು. ಭಾವನ ಮುಖ ಮಾತ್ರ ಗೋಡೆಯಿಂದ ಸುಣ್ಣ ಕಡ ತಂದ ಹಾಗಿತ್ತು.

ಕೊನೆಯ ಶತ್ರು ನೌಕೆ ತೆರೆ ತುಂಬ ಬಂದು ನಿಂತಾಗ ಅಕ್ಕನಿಗೆ ಕೆಮ್ಮು ಹತ್ತಿತು. ಕಂಟ್ರೋಲರನ್ನು ಸೋಫಾದ ಮೇಲಿಟ್ಟು, "ಹೋಯ್ತು, ಸತ್ತೆ" ಎನ್ನುತ್ತ ನೀರಿನ ಲೋಟ ಎತ್ತಿದಳು.

ವಿಮಾನ ಸಾಯಲಿಲ್ಲ. ಮಂತ್ರಿಯ ಕಾರಿಗೆ ಜನ ದಾರಿ ಬಿಡುವಂತೆ ಗುಂಡುಗಳು ಎಡಕ್ಕೂ ಬಲಕ್ಕೂ ಸರಿದುಹೋದವು. ಅಕ್ಕ ಲೋಟ ಪೂರ್ತಿ ಖಾಲಿ ಮಾಡಿದಳು. ವಿಮಾನ ಆಗಲೂ ಬದುಕಿತ್ತು.

ಟೀಚರಮ್ಮ "ಒಲೆ ಮೇಲೆ ಹಾಲಿದೆ" ಎಂದು ಮೆಲ್ಲಗೆ ಹೊರಟರು. ಸ್ಮಶಾನದಲ್ಲೂ ಜೋಕು ಹೊಡೆಯುವ ನಾನು, ಬಾಗಿಲಲ್ಲಿ ನಿಂತವರನ್ನು ಕಳಿಸಿ ಕದ ಮುಂದೆ ಮಾಡಿದೆ.

"ಯಾವಾಗಿಂದ ರೀ?" ಎಂದಳು ಅಕ್ಕ.

"ಎರಡನೇ ಸಲ ಸತ್ತಾಗಿಂದ... ನಿನ್ನ ಕೈ ನೋವು ನೋಡಿ..."

"ಕೈ ನೋವು ನಂಗೂ ಗೊತ್ತು. ಇಡೀ ಕಟ್ಟಡಕ್ಕೆ ಕೇಳೋ ಹಾಗೆ ಕೂಗ್ದೆನಲ್ಲ, ಪಕ್ಕದಲ್ಲೇ ಕೂತಿದ್ರಿ. ಬಾಯಿ ಇರ್ಲಿಲ್ವಾ?"

ಆ ವಾರವಿಡೀ ಭಾವನ ತಲೆ ಎಷ್ಟು ತಗ್ಗಿತ್ತೆಂದರೆ, ಮಾತಾಡಿಸಿದರೆ ಅಂಗಿಯ ಗುಂಡಿಗಳಿಗೆ ಉತ್ತರ ಕೊಡುತ್ತಿದ್ದರು. ಆಫೀಸಿಗೆ ಹೋಗಿ, ಆಟದ ಮೊದಲಿಗೇ ಒಂದು ಪ್ರಶ್ನೆ ಸೇರಿಸಿದರು: 'ಗುಂಡುಗಳು ಪಕ್ಕಕ್ಕೆ ಸರಿಯಲೇ? ಹೌದು, ಬೇಡ.'

"ಹೀಗೆ ಮುಖಕ್ಕೇ ಕೇಳಿದ್ರೆ ಹೌದು ಅನ್ನೋಕೆ ಜನ ನಾಚ್ಕೋತಾರೆ ಸಾರ್" ಎಂದು ಮ್ಯಾನೇಜರಮ್ಮ ತಕರಾರು ತೆಗೆದರಂತೆ.

"ಕೇಳದೇ ಮಾಡಿ ನಾನು ನಾಚ್ಕೊಂಡಿದ್ದೀನಿ, ಸಾಕು ಮೇಡಂ."

ಆ ಆಟ ಮನೆಗೆ ಬಂದಾಗ ಅಕ್ಕ 'ಬೇಡ' ಒತ್ತಿದಳು. ಆಕಳಿಕೆಗೆ ಬಾಯಿ ತೆರೆಯುವ ಮೊದಲೇ ಮೂರೂ ಜೀವ ಹೋದವು.

"ಇದು ನಂದೇ ಸಾವು ತಾನೆ?"

"ನಿಂದೇ ಕಣೇ."

ಅವಳು ನಂಬಿದಂತೆ ಕಾಣಲಿಲ್ಲ. ಈಗಲೂ ಒಂದು ಹಂತ ದಾಟಿದಳೆಂದರೆ ಕಂಟ್ರೋಲರ್ ಕೆಳಗಿಟ್ಟು ಒಂದು ಗುಟುಕು ನೀರು ಕುಡಿದು ನೋಡುತ್ತಾಳೆ. ವಿಮಾನ ಢಮಾರೆಂದ ಮೇಲೆಯೇ ಅವಳಿಗೆ ಸಮಾಧಾನ. ಅಷ್ಟು ಹೊತ್ತೂ ಭಾವ ಬಾಲ್ಕನಿಯಲ್ಲಿ ನಿಂತು, ಒಣಗಿದ ಬಟ್ಟೆಗಳನ್ನೇ ಮತ್ತೆ ಒಣಗಹಾಕುತ್ತಿರುತ್ತಾರೆ.