ಕೊರಗಪ್ಪ ಮಾಡಿದ ಎರಡು ಸಭೆ

ಆ ಶುಕ್ರವಾರ ಕೊರಗಪ್ಪ ಕೊಲ್ಲಿ ನಾಡಿಗೆ ದುಡಿಯಲು ಬಂದ ಊರವರ ಕೂಟದ ಮೀಟಿಂಗ್ ಮುಗಿಸಿ ಅಬ್ಬಾಸಿಯಾದ ಮನೆಗೆ ಬಂದಾಗ ಬಹಳ ಖುಷಿಯಲ್ಲಿದ್ದ. ಕೂಟದ ಕಮಿಟಿಯಲ್ಲಿ ತಲೆ ಎಣಿಸಿ ಸೀಟು ಕೊಡಿ ಎಂದು ದೊಡ್ಡ ಊರಿನವರು, ಎಲ್ಲ ಊರಿಗೂ ಸಮ ಕೊಡಿ ಎಂದು ಸಣ್ಣ ಊರಿನವರು ಜಗಳವಾಡುತ್ತಿದ್ದರು. ಅದನ್ನು ಅವನೇ ಮುಗಿಸಿದ್ದ.

"ಅಮೆರಿಕದಲ್ಲೂ ಇದೇ ಗಲಾಟೆ ಆಗಿತ್ತಂತೆ ಮಾರಾಯ್ತಿ," ಎಂದ ಹೆಂಡತಿ ವೇದಾವತಿಗೆ. "ಕಡೆಗೆ ಪಾರ್ಲಿಮೆಂಟಿಗೆ ಎರಡು ಸಭೆ ಮಾಡಿದ್ರು. ಒಂದರಲ್ಲಿ ಜನ ನೋಡಿ ಸೀಟು, ಇನ್ನೊಂದರಲ್ಲಿ ಎಲ್ಲ ರಾಜ್ಯಕ್ಕೂ ಸಮ. ನಾವೂ ಎರಡು ಕಮಿಟಿ ಮಾಡಿದೆವು. ಖಲಾಸ್!"

"ಸಲ್ವಾದಲ್ಲಿ ಮನೆಕೆಲಸಕ್ಕಿರುವ ನಮ್ಮೂರ ಹೆಂಗಸರ ಲೆಕ್ಕ ಎಂತ?"

"ದೊಡ್ಡ ಊರಿನ ತಲೆಲೆಕ್ಕಕ್ಕೆ ಹಿಡಿದದ್ದು. ಇಲ್ಲದಿದ್ರೆ ಆ ಊರಿನವರು ಒಪ್ಪುದಿಲ್ಲ. ವೋಟು ಮಾತ್ರ ಇಲ್ಲ. ಸಂಜೆ ಮೀಟಿಂಗಿಗೆ ಅವರನ್ನು ಕೆಲಸದ ಮನೆಯ ಮೇಡಂ ಬಿಡುದುಂಟಾ?"

"ಅಪ್ಪಾ, ದಟ್ಸ್ ನಾಟ್ ಫೇರ್," ಎಂದಳು ಮಗಳು ದೀಕ್ಷಿತಾ. ಅಮೆರಿಕದಲ್ಲಿಯೂ ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಿಡಿದು, ವೋಟು ಕೊಟ್ಟಿರಲಿಲ್ಲ ಎಂದಳು.

"ನಾವು ಒಬ್ಬೊಬ್ಬಳನ್ನೂ ಪೂರಾ ಒಂದು ಹಿಡಿದಿದ್ದೇವಲ್ಲ!" ಕೊರಗಪ್ಪ ನಕ್ಕ. ವೇದಾವತಿಯೂ ನಕ್ಕಳು.

ಮರುದಿನ ಶುವೈಖ್‌ನಲ್ಲಿ ತಾನು ಕೆಲಸ ಮಾಡುವ ಗ್ಯಾರೇಜಿನಲ್ಲಿ ಎದೆ ಹಿಡಿದು ಕುಸಿದವನು ಮತ್ತೆ ಏಳಲಿಲ್ಲ.

ಊರಲ್ಲಿ ಗಂಡನ ಬೊಜ್ಜದ ಉತ್ತರಕ್ರಿಯೆ ಮುಗಿಸಿ ವೇದಾವತಿ ತನ್ನ ಕ್ಲಿನಿಕ್ಕಿನ ಆಯಾ ಕೆಲಸಕ್ಕೆ ಮರಳಿದಳು. ಕೂಟದವರು ಶುಕ್ರವಾರ ಸಂಜೆ ಶ್ರದ್ಧಾಂಜಲಿ ಸಭೆ ಇಡುವುದೆಂದು ನಿಶ್ಚಯಿಸಿದರು. ಸಲ್ವಾದಿಂದ, ಮನೆಕೆಲಸದವರಲ್ಲಿ ಒಬ್ಬಳಾದ ಕುಸುಮಾವತಿ ಫೋನ್ ಮಾಡಿದಳು.

"ವೇದಕ್ಕ, ಬೆಳಿಗ್ಗೆ ಇಡ್ಲಿಕ್ಕೆ ಹೇಳ್ತೀರಾ? ಸಂಜೆ ನಮ್ಮನ್ನು ಬಿಡುದಿಲ್ಲ. ನನ್ನ ಇಕಾಮಾ ಪರ್ಮಿಟ್ಟಿನ ಗಲಾಟೆಯಾದಾಗ, ವೀಸಾ ಕೊಟ್ಟ ಕಫೀಲನ ಹತ್ರ ಮಾತಾಡಿದ್ದು ಅಣ್ಣನೇ. ಒಂದು ಹೂ ಇಡ್ಬೇಕಿತ್ತು ನಮಗೆ."

ವೇದಾವತಿ ಕೂಟದ ಅಧ್ಯಕ್ಷರನ್ನು ಕೇಳಿದಳು.

"ಅದು ಕಮಿಟಿಯಲ್ಲಿ ಬರ್ಬೇಕು ವೇದಕ್ಕ. ಅವರ ಪರವಾಗಿ ಕೇಳುವ ಮೆಂಬರ್ ಯಾರಿದ್ದಾರೆ? ನಿಮ್ಮ ಯಜಮಾನರೇ ಮಾಡಿದ ರೂಲು."

ಆ ದಿನ ತಾನೂ ನಕ್ಕಿದ್ದು ನೆನಪಾಗಿ ವೇದಾವತಿಯ ಮುಖ ಬಿಸಿಯಾಯಿತು.

ಸಂಜೆ ಹಾಲ್ ತುಂಬಿತ್ತು. ಮಾತಾಡಿದವರೆಲ್ಲ ಕೊರಗಪ್ಪನ ರಾಜಿಯನ್ನೇ ಹೊಗಳಿದರು. ವೇದಾವತಿ ತಲೆ ಎತ್ತಲಿಲ್ಲ. ಅಳುತ್ತಿದ್ದಾಳೆಂದು ಜನ ತಿಳಿದರು. ಅಳು ಅಲ್ಲ ಅದು, ನಾಚಿಕೆ. ಎದ್ದು ನಿಂತು ಸಲ್ವಾದವರ ಪರ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಆಮೇಲೆ ಕುಸುಮಾವತಿಗೆ ಫೋನ್ ಮಾಡಿ, "ನಿಮ್ಮ ಹೂ ನಾನೇ ಇಡ್ತೇನೆ," ಎಂದಳು.

"ನೀವು ಇಟ್ರೆ ಅದು ನಿಮ್ಮದೇ ಅಲ್ವಾ ಅಕ್ಕ," ಎಂದಳು ಕುಸುಮಾವತಿ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಆದರೂ ವೇದಾವತಿ ಇಡುತ್ತಾಳೆ. ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಗಂಡನ ಫೋಟೋದ ಬಾಡಿದ ಹೂ ತೆಗೆದು, ಗಾಜು ಒರೆಸಿ, ಸಲ್ವಾದವರ ಹೆಸರಿನ ಹೂವನ್ನು ಮೊದಲು ಇಡುತ್ತಾಳೆ. ತನ್ನದು ಆಮೇಲೆ.